ಲುಶಾಯಿ ಬೆಟ್ಟಕ್ಕೆ ಬಂದ ಅಕ್ಷರ

1894 ಎಂಬ ಇಸವಿ ಕನ್ನಡ ಸಾಹಿತ್ಯಾಸಕ್ತರಿಗೆ ಅಪರಿಚಿತವೇನಲ್ಲ. ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾದದ್ದು ಆ ವರ್ಷ. ಅದೇ ವರ್ಷದ ಜನವರಿ 11ರಂದು, ನಮ್ಮಿಂದ ಬಹುದೂರದ ಲುಶಾಯಿ ಬೆಟ್ಟಗಳಲ್ಲಿ, ಸೈರಾಂಗ್ ಎಂಬ ಹೊಳೆದಂಡೆಯ ಹಳ್ಳಿಯಲ್ಲಿ ಇಬ್ಬರು ಇಂಗ್ಲಿಷ್ ತರುಣರು ದೋಣಿಯಿಂದ ಇಳಿದರು. ಒಬ್ಬನ ಹೆಸರು ಜೇಮ್ಸ್ ಹರ್ಬರ್ಟ್ ಲೊರೇನ್, ಇನ್ನೊಬ್ಬನದು ಫ್ರೆಡರಿಕ್ ವಿಲಿಯಮ್ ಸ್ಯಾವಿಜ್. ಇವರೂ ಕಿಟೆಲ್ಲರಂತೆ ಕ್ರೈಸ್ತ ಮಿಷನರಿಗಳೇ. ಇವರೂ ಮುಂದೆ ನಿಘಂಟು ಬರೆದವರೇ. ಆದರೆ ಕಿಟೆಲ್ ಬಂದದ್ದು ಪಂಪ, ಕುಮಾರವ್ಯಾಸರಿದ್ದ ಭಾಷೆಗೆ. ಕೇಶಿರಾಜನ ವ್ಯಾಕರಣದ ಮುಂದೆ ಅವರು ಶಿಷ್ಯರಾಗಿ ಕುಳಿತುಕೊಳ್ಳಬೇಕಾಯಿತು. ಲೊರೇನ್ ಮತ್ತು ಸ್ಯಾವಿಜ್ ಬಂದದ್ದು ಒಂದಕ್ಷರವೂ ಇಲ್ಲದ ಭಾಷೆಗೆ. ಇಂದು ನಾವು ಮಿಜೋರಂ ಎಂದು ಕರೆಯುವ ನಾಡು ಅದು. ಅಲ್ಲಿ ಇಗರ್ಜಿ ನೆಲೆಯೂರಿದ ಬಗೆಯನ್ನು, ಭಾಷೆಯಲ್ಲಿ ಆಸಕ್ತಿಯಿರುವ ಒಬ್ಬ ಓದುಗನಾಗಿ, ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮಿಜೋಗಳಲ್ಲಿ ಒಂದು ಐತಿಹ್ಯವಿದೆ. ದೇವರು ಎಲ್ಲ ಜನಾಂಗಗಳಿಗೂ ಲಿಪಿಯನ್ನು ಹಂಚಿದಾಗ ಅವರಿಗೂ ಕೊಟ್ಟನಂತೆ, ತೊಗಲಿನ ಮೇಲೆ ಬರೆದು. ಅದನ್ನು ಕಾಯುವವರು ಅಜಾಗರೂಕರಾಗಿದ್ದಾಗ ನಾಯಿಯೊಂದು ಕಚ್ಚಿಕೊಂಡು ಹೋಗಿ ತಿಂದುಹಾಕಿತಂತೆ. ಪಕ್ಕದ ಖಾಸಿ ಬೆಟ್ಟಗಳವರಲ್ಲಿ ಇದೇ ಕಥೆ ಬೇರೊಂದು ರೂಪದಲ್ಲಿದೆ: ಅಲ್ಲಿ ಲಿಪಿ ಪ್ರವಾಹದ ನೀರಿನಲ್ಲಿ ಹೋಯಿತು. ಓದುಬರಹ ತಮಗೆ ಪರಕೀಯವಾದುದಲ್ಲ, ತಮ್ಮದೇ ಆಗಿದ್ದು ಕಳೆದುಹೋದುದು ಎಂಬ ಭಾವನೆ ಈ ಕಥೆಗಳಲ್ಲಿದೆ. ಬಯಲುನಾಡಿನ ವ್ಯಾಪಾರಿಯ ಲೆಕ್ಕದ ಪುಸ್ತಕವನ್ನು ದೂರದಿಂದ ನೋಡಿದ ಜನರ ಹೊಟ್ಟೆಯ ಸಂಕಟ ಅದು ಎಂದು ನನಗೆ ತೋರುತ್ತದೆ. ಮುಂದೆ ನಡೆದುದನ್ನು ಅರ್ಥಮಾಡಿಕೊಳ್ಳಲು ಈ ಕಥೆ ಸಹಾಯಕ.

ಪಾದ್ರಿಗಿಂತ ಮೊದಲು ಅಲ್ಲಿಗೆ ಹೋದದ್ದು ಪಟಾಲಂ. ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ಪ್ರಾಮಾಣಿಕತೆಯಲ್ಲ. ಕಾಚಾರಿನ ಚಹಾ ತೋಟಗಳು ಬೆಟ್ಟದ ಬುಡದ ಬೇಟೆಯ ಕಾಡುಗಳನ್ನು ನುಂಗುತ್ತ ಬಂದಂತೆ ಲುಶಾಯಿ ನಾಯಕರ ದಾಳಿಗಳೂ ಹೆಚ್ಚಿದವು. 1871ರಲ್ಲಿ ಅಲೆಕ್ಸಾಂಡ್ರಾಪುರವೆಂಬ ತೋಟದ ಮೇಲೆ ಬಿದ್ದು ವಿಂಚೆಸ್ಟರ್ ಎಂಬಾತನನ್ನು ಕೊಂದು, ಅವನ ಪುಟ್ಟ ಮಗಳು ಮೇರಿಯನ್ನು ಹೊತ್ತೊಯ್ದರು. ಆ ಮಗುವನ್ನು ಬಿಡಿಸಿ ತರಲು ದಂಡು ಹೋಯಿತು. 1889-90ರಲ್ಲಿ ಇನ್ನೊಂದು ದಂಡಯಾತ್ರೆ ನಡೆದು, ಬೆಟ್ಟಗಳು ಬ್ರಿಟಿಷರ ಕೈಸೇರಿದವು. ಕೋವಿಗಳನ್ನು ಕಿತ್ತುಕೊಂಡರು, ಮನೆಗಂದಾಯ ಹೇರಿದರು, ಹೊರೆ ಹೊರಲು ಬಿಟ್ಟಿಯಾಳುಗಳನ್ನು ಹಿಡಿದರು. ಸೋತು, ತಮ್ಮ ದೇವತೆಗಳ ಬಲದ ಬಗೆಗೇ ಸಂಶಯಗೊಂಡಿದ್ದ ಜನರ ನಡುವೆ ಲೊರೇನ್ ಮತ್ತು ಸ್ಯಾವಿಜ್ ಬಂದಿಳಿದದ್ದು ಇದಾದ ನಾಲ್ಕೇ ವರ್ಷಗಳಿಗೆ.

ಅವರನ್ನು ಕಳಿಸಿದಾತನ ಕಥೆಯೂ ವಿಚಿತ್ರವಾದುದು. ಇಂಗ್ಲೆಂಡಿನ ಲೀಡ್ಸ್ ನಗರದ ರಾಬರ್ಟ್ ಆರ್ಥಿಂಗ್ಟನ್ ಕೋಟ್ಯಧೀಶ. ಆದರೂ ಜಿಪುಣನೆಂದು ಊರವರು ಆಡಿಕೊಳ್ಳುವಷ್ಟು ಬಡತನದಲ್ಲಿ ಬದುಕಿದವನು. ಭೂಮಿಯ ಮೇಲಿನ ಪ್ರತಿಯೊಂದು ಬುಡಕಟ್ಟಿಗೂ ಸುವಾರ್ತೆ ಮುಟ್ಟಿದ ಕೂಡಲೇ ಕ್ರಿಸ್ತನು ಮರಳಿ ಬರುವನೆಂದು ಅವನ ನಂಬಿಕೆ. ಆದ್ದರಿಂದ ಅವನ ಮಿಷನರಿಗಳು ಒಂದೆಡೆ ಬೇರುಬಿಡುವಂತಿಲ್ಲ. ಭಾಷೆಯನ್ನು ಕಲಿಯಬೇಕು, ಲೂಕ, ಯೋಹಾನ ಮತ್ತು ಅಪೊಸ್ತಲರ ಕೃತ್ಯಗಳು ಎಂಬ ಮೂರು ಪುಸ್ತಕಗಳನ್ನು ಅನುವಾದಿಸಬೇಕು, ಕೆಲವರಿಗೆ ಓದು ಕಲಿಸಬೇಕು, ಮುಂದಿನ ಬುಡಕಟ್ಟಿಗೆ ನಡೆಯಬೇಕು. ಅಂದರೆ, ಲುಶಾಯಿ ಭಾಷೆಗೆ ಅಕ್ಷರ ಬಂದದ್ದು ಆ ಜನರ ವಿದ್ಯಾಭಿವೃದ್ಧಿಯನ್ನು ಬಯಸಿಯಲ್ಲ. ಲೋಕಾಂತ್ಯವನ್ನು ಬೇಗ ತರುವ ಆತುರದಿಂದ! ಚರಿತ್ರೆಯಲ್ಲಿ ಇಂತಹ ತಮಾಷೆಗಳು ಆಗಾಗ ನಡೆಯುತ್ತವೆ.

1893ರ ಕ್ರಿಸ್‌ಮಸ್ಸಿನ ಮರುದಿನ ಸಿಲ್ಚರಿನಿಂದ ಹೊರಟ ಈ ಇಬ್ಬರು ತ್ಲಾಂಗ್ ನದಿಯಲ್ಲಿ ಪ್ರವಾಹಕ್ಕೆದುರಾಗಿ ಎರಡು ವಾರಕ್ಕೂ ಹೆಚ್ಚು ಕಾಲ ದೋಣಿಯಲ್ಲಿ ಸಾಗಿ ಸೈರಾಂಗನ್ನು ಮುಟ್ಟಿದರು. ಅಲ್ಲಿಂದ ಐಜಾಲಿನ ಕೋಟೆಯ ಬಳಿಯ ಗುಡ್ಡವೊಂದರ ಮೇಲೆ ಮನೆ ಕಟ್ಟಿಕೊಂಡರು. ಮಿಜೋಗಳಿಗೆ ಇವರು ಒಗಟಾದರು. ಇವರು ಕಂದಾಯ ಕೇಳುವುದಿಲ್ಲ, ಕೋವಿ ಹಿಡಿದಿಲ್ಲ, ಏನನ್ನೂ ಮಾರುವುದಿಲ್ಲ. ಸುಮ್ಮನೆ ಬಂದವರೊಡನೆ ಮಾತಿಗೆ ಕುಳಿತು, ಹೇಳಿದ್ದನ್ನೆಲ್ಲ ಕಾಗದದ ಮೇಲೆ ಗೀಚಿಕೊಳ್ಳುತ್ತಾರೆ. ಅಲೆಮಾರಿ ಸಾಹೇಬರು ಎಂದು ಜನ ನಕ್ಕರು. ಆ ಗೀಚುವಿಕೆಯಿಂದ ಮೂಡಿದುದು ಮಿಜೋ ವರ್ಣಮಾಲೆ.

ರೋಮನ್ ಅಕ್ಷರಗಳನ್ನೇ ಅವರು ಬಳಸಿದರು. ಆದರೆ ಭಾಷೆಯ ಜಾಯಮಾನಕ್ಕೆ ತಕ್ಕಂತೆ ಕತ್ತರಿಸಿ ಹೊಲಿದರು. 25 ಅಕ್ಷರಗಳ ಆ ಮಾಲೆಯಲ್ಲಿ ‘ಅ’ಕಾರದ ಹಿಂದೆಯೇ ‘ಆಫೀಸು’ ಎನ್ನುವಾಗ ಬಾಯಿ ದುಂಡಗಾಗಿ ಹೊರಡುವಂತಹ ಸ್ವರ ಎರಡನೆಯ ಅಕ್ಷರವಾಗಿ ನಿಂತಿದೆ. ಇನ್ನೊಂದು ಸಂಗತಿ ನನಗೆ ಬಹಳ ಸೊಗಸೆನಿಸಿತು. ನಾವೆಲ್ಲ ಬಾಲ್ಯದಲ್ಲಿ ‘ಕ ಖ ಗ ಘ ಙ’ ಎಂದು ಗಟ್ಟಿಯಾಗಿ ಒಪ್ಪಿಸಿದವರು; ಒಪ್ಪಿಸಿ ಆ ‘ಙ’ವನ್ನು ಅಲ್ಲಿಯೇ ಬಿಟ್ಟುಬಂದವರು. ಅದರಿಂದ ಆರಂಭವಾಗುವ ಮಾತು ನಮ್ಮ ಬಳಕೆಯಲ್ಲಿಲ್ಲ. ಮಿಜೋ ಭಾಷೆಯಲ್ಲಾದರೋ ‘ಙ’ಕಾರಾದಿ ಶಬ್ದಗಳು ಧಾರಾಳವಾಗಿವೆ, ಅದಕ್ಕೆ ವರ್ಣಮಾಲೆಯಲ್ಲಿ ಸ್ವತಂತ್ರ ಸ್ಥಾನವೇ ಉಂಟು. ನಮ್ಮಲ್ಲಿ ಕೆಲಸವಿಲ್ಲದೆ ಕುಳಿತಿರುವ ಅಕ್ಷರಕ್ಕೆ ಅಲ್ಲಿ ದಿನವಿಡೀ ದುಡಿಮೆ.

ಅವರಿಂದ ಆಗದೆ ಹೋದುದೂ ಒಂದಿದೆ. ಮಿಜೋ ಭಾಷೆಯಲ್ಲಿ ದನಿಯ ಏರಿಳಿತವೇ ಅರ್ಥವನ್ನು ಬದಲಿಸುತ್ತದೆ. ‘ಲೇಯ್’ ಎಂದು ಬರೆದ ಒಂದೇ ಶಬ್ದ ಉಚ್ಚರಿಸುವ ಬಗೆಗೆ ತಕ್ಕಂತೆ ನಾಲಗೆಯಾಗಬಹುದು, ಮಣ್ಣಾಗಬಹುದು, ಕೊಳ್ಳುವುದಾಗಬಹುದು. ಈ ಏರಿಳಿತಗಳನ್ನು ಲಿಪಿಯಲ್ಲಿ ಪೂರ್ತಿಯಾಗಿ ಹಿಡಿದಿಡಲಾಗಲಿಲ್ಲ. ಓದುವವನು ಸಂದರ್ಭದಿಂದ ತಿಳಿಯಬೇಕು. ಹಾಡುಗಳ ವಿಷಯಕ್ಕೆ ಬಂದಾಗ ಇದು ದೊಡ್ಡ ತೊಡಕಾಯಿತು.

ಅದೇ ವರ್ಷದ ಏಪ್ರಿಲ್ 2ರಂದು ಶಾಲೆ ತೆರೆದರು. ಮೊದಲು ಅಕ್ಷರಗಳನ್ನು ಕಲಿತವರು ಸುವಾಕಾ ಮತ್ತು ಥಾಂಗ್‌ಫುಂಗಾ ಎಂಬ ಇಬ್ಬರು. ವಿದೇಶೀಯರು ಲಿಪಿಯನ್ನು ಕಟ್ಟಿಕೊಡುತ್ತಿರುವಾಗಲೇ ಈ ಇಬ್ಬರೂ ಅವರಿಗೆ ಭಾಷೆಯನ್ನು ಕಲಿಸುತ್ತಿದ್ದರು ಎಂಬುದನ್ನು ಮರೆಯಬಾರದು. 1895ರಲ್ಲಿ ಮೊದಲ ಪಾಠಪುಸ್ತಕ ಬಂದಿತು. 1898ರಲ್ಲಿ ವ್ಯಾಕರಣ ಮತ್ತು ನಿಘಂಟು ಶಿಲ್ಲಾಂಗಿನಲ್ಲಿ ಅಚ್ಚಾಯಿತು. ಅವರು ಆಯ್ದುಕೊಂಡದ್ದು ನಾಯಕರ ಮನೆತನದವರ ದುಹ್ಲಿಯನ್ ಎಂಬ ಉಪಭಾಷೆಯನ್ನು. ಆ ಆಯ್ಕೆಯಿಂದಾಗಿ ಬೇರೆ ಬೇರೆ ಕುಲಗಳ ನುಡಿಗಳೆಲ್ಲ ಹಿಂದೆ ಸರಿದು ಒಂದೇ ಸಾಹಿತ್ಯಭಾಷೆ ಮೇಲೆದ್ದಿತು. ಒಂದೇ ಜನಾಂಗವೆಂಬ ಭಾವನೆಯೂ ಅದರ ಬೆನ್ನಿಗೇ ಬಂದಿತು. ಹಿಂದೆ ಸರಿದ ನುಡಿಗಳನ್ನು ಆಡುತ್ತಿದ್ದ ಅಜ್ಜಿಯರ ಮಾತು ಎಲ್ಲಿ ಹೋಯಿತೆಂದು ಕೇಳುವವರು ಆಗ ಯಾರೂ ಇರಲಿಲ್ಲ.

ಆರ್ಥಿಂಗ್ಟನ್ನನ ನಿಯಮದಂತೆ 1897ರ ಕೊನೆಗೆ ಇವರು ಬೆಟ್ಟವಿಳಿಯಬೇಕಾಯಿತು. ಈ ನಾಲ್ಕು ವರ್ಷಗಳಲ್ಲಿ ಕ್ರೈಸ್ತರಾದವರು ಒಬ್ಬರೂ ಇಲ್ಲ! ಮೊದಲ ದೀಕ್ಷಾಸ್ನಾನ ನಡೆದದ್ದು 1899ರ ಜೂನ್ 25ರಂದು, ಖುಮಾ ಮತ್ತು ಖಾರಾ ಎಂಬ ಇಬ್ಬರಿಗೆ. ಅದನ್ನು ನೋಡಿದವರು ವೇಲ್ಸ್ ದೇಶದ ಮಿಷನ್ನಿನಿಂದ ಬಂದಿದ್ದ ಡಿ. ಇ. ಜೋನ್ಸ್. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ಲೊರೇನ್ ಮತ್ತು ಸ್ಯಾವಿಜ್ 1903ರಲ್ಲಿ ಬ್ಯಾಪ್ಟಿಸ್ಟ್ ಮಿಷನ್ನಿನವರಾಗಿ ಮರಳಿ ಬಂದು ದಕ್ಷಿಣದ ಲುಂಗ್ಲೈ ಕಡೆ ನೆಲೆಸಿದರು. ಉತ್ತರ ವೇಲ್ಸಿನವರದು, ದಕ್ಷಿಣ ಬ್ಯಾಪ್ಟಿಸ್ಟರದು ಎಂಬ ಏರ್ಪಾಡು ಉಳಿಯಿತು.

ಒಬ್ಬರೂ ಏಕೆ ಬರಲಿಲ್ಲ? ಇಲ್ಲಿಯೇ ವಿಷಯದ ತಿರುಳಿದೆ. ಮಿಷನರಿಗಳು ಮೊದಮೊದಲು ಪಾಪ ಮತ್ತು ಪಾಪವಿಮೋಚನೆಯನ್ನು ಕುರಿತು ಬೋಧಿಸಿದರು. ಕೇಳಿದವರು ತಲೆದೂಗಿ ಎದ್ದುಹೋದರು. ತಾವು ಪಾಪಿಗಳೆಂಬ ಭಾವನೆಯೇ ಅವರಿಗಿರಲಿಲ್ಲ. ಇಲ್ಲದ ಕಾಯಿಲೆಗೆ ಔಷಧಿ ಯಾರಿಗೆ ಬೇಕು? ಅವರಿಗಿದ್ದದ್ದು ಭಯ. ಪಾಥಿಯನ್ ಎಂಬ ಒಳ್ಳೆಯ ದೇವರೊಬ್ಬನಿದ್ದ, ಆದರೆ ಅವನು ಬಹುದೂರದವನು, ಯಾರ ಗೊಡವೆಗೂ ಹೋಗದವನು. ಹತ್ತಿರವಿದ್ದವು ಕಾಡಿನ, ಬಂಡೆಯ, ಮಡುವಿನ ದುಷ್ಟ ಭೂತಗಳು. ಮಗುವಿಗೆ ಜ್ವರ ಬಂದರೆ ಯಾವ ಭೂತ ಹಿಡಿಯಿತೆಂದು ಪೂಜಾರಿ ನಾಡಿ ನೋಡಿ ಹೇಳಬೇಕು. ಕೋಳಿ, ಹಂದಿ, ಮೇಕೆ ಬಲಿ ಕೊಡಬೇಕು. ಕಾಯಿಲೆಯ ಮನೆಯಲ್ಲಿ ಕೊಟ್ಟಿಗೆ ಬರಿದಾಗುತ್ತಿತ್ತು. ಇದನ್ನು ಅರಿತ ಮೇಲೆ ಮಿಷನರಿಗಳ ಬೋಧನೆ ಬದಲಾಯಿತು: ಯೇಸು ಈ ಭೂತಗಳನ್ನೆಲ್ಲ ಗೆದ್ದವನು, ಇನ್ನು ಬಲಿ ಬೇಕಿಲ್ಲ. ಈ ಮಾತು ಮಾತ್ರ ನಾಟಿತು. ಯಾರು ಯಾರನ್ನು ಮತಾಂತರಿಸಿದರು ಎಂದು ಇಲ್ಲಿ ಕೇಳಬೇಕೆನಿಸುತ್ತದೆ. ಮಿಜೋಗಳ ಪ್ರಶ್ನೆಗೆ ಉತ್ತರವಾಗುವಂತೆ ಪಾದ್ರಿಯ ಧರ್ಮವೂ ತಿರುಗಿ ನಿಲ್ಲಬೇಕಾಯಿತು.

ಸ್ವರ್ಗದ ವಿಷಯವೂ ಹಾಗೆಯೇ. ಹಳೆಯ ನಂಬಿಕೆಯಲ್ಲಿ ಸತ್ತವರಿಗೆ ಎರಡು ಗತಿಗಳು. ಸಾಮಾನ್ಯರು ಮಿತ್ಥಿ ಖುವಾ ಎಂಬ ಸತ್ತವರ ಹಳ್ಳಿಗೆ ಹೋಗುತ್ತಾರೆ. ಅಲ್ಲಿಯೂ ಇಲ್ಲಿಯಂತೆಯೇ ದುಡಿತ. ನದಿಯಾಚೆಯ ಪಿಯಲ್‌ರಾಲ್ ಎಂಬ ಸುಖಲೋಕದಲ್ಲಿ ಕುಟ್ಟುವ ಶ್ರಮವಿಲ್ಲ, ಹಸನಾದ ಅಕ್ಕಿಯ ಅನ್ನ ಸಿದ್ಧವಾಗಿಯೇ ಇರುತ್ತದೆ. ಆದರೆ ಅದಕ್ಕೆ ಅರ್ಹತೆ ಬೇಕು: ಗೊತ್ತಾದ ಕಾಡುಮೃಗಗಳನ್ನೆಲ್ಲ ಬೇಟೆಯಾಡಿರಬೇಕು, ಇಲ್ಲವೆ ಮಿಥುನ್ ಎಂಬ ದನದಂತಹ ಪ್ರಾಣಿಗಳನ್ನು ಕಡಿದು ಊರಿಗೆಲ್ಲ ಸಾಲುಸಾಲಾಗಿ ಔತಣವಿಕ್ಕಿರಬೇಕು. ಎಂದರೆ, ಶೂರನಿಗೆ ಮತ್ತು ಸಿರಿವಂತನಿಗೆ ಮಾತ್ರ ಸ್ವರ್ಗ. ಬಡವನಿಗೂ, ವಿಧವೆಗೂ, ಕುಂಟನಿಗೂ ಅದರ ಬಾಗಿಲು ತೆರೆದಿದೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಎಂತಹ ಬಲ ಬಂದೀತು ಎಂಬುದನ್ನು, ನಮ್ಮ ವಚನಕಾರರ ಕಾಲವನ್ನು ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ.

ಅನುವಾದಕರು ಹಳೆಯ ಶಬ್ದಗಳನ್ನೇ ಎತ್ತಿಕೊಂಡರು. ದೂರದ ಪಾಥಿಯನ್ ಬೈಬಲ್ಲಿನ ದೇವರಾದ. ‘ಲಾಲ್’ ಎಂದರೆ ಹಳ್ಳಿಯ ನಾಯಕ, ಅರಸ; ಪ್ರಭು ಎಂಬುದಕ್ಕೆ ಅದೇ ಮಾತು ನಿಂತಿತು. 1954ರಲ್ಲಿ ಕಾನೂನಿನ ಮೂಲಕ ನಾಯಕರ ಹಕ್ಕುಗಳೆಲ್ಲ ರದ್ದಾದವು. ಅರಸರು ಹೋದರು, ಶಬ್ದ ಮಾತ್ರ ಪ್ರಾರ್ಥನೆಯಲ್ಲಿ ಉಳಿಯಿತು. ಇಂದು ಮಿಜೋ ಹೆಸರುಗಳ ಪಟ್ಟಿಯನ್ನು ನೋಡಿದರೆ ಅರ್ಧಕ್ಕರ್ಧ ‘ಲಾಲ್’ನಿಂದಲೇ ಮೊದಲಾಗುವಂತೆ ತೋರುತ್ತದೆ. ಲಾಲ್‌ಡೆಂಗಾ, ಲಾಲ್‌ಥನ್‌ಹಾವ್ಲಾ, ಲಾಲ್‌ದುಹೋಮಾ ಎಂದು ಅಲ್ಲಿನ ಮುಖ್ಯಮಂತ್ರಿಗಳ ಹೆಸರುಗಳನ್ನೇ ನೋಡಿ. ಒಂದು ಕಾಲಕ್ಕೆ ಅರಮನೆಯ ಸೊತ್ತಾಗಿದ್ದ ಮಾತು ದೇವರ ಮೂಲಕ ಹಾದು ಎಲ್ಲರ ಮನೆಯ ತೊಟ್ಟಿಲಿಗೆ ಬಂದಿದೆ.

ಮಿಷನ್ನೂ ಸರ್ಕಾರವೂ ಒಂದೇ ಕೈಯ ಎರಡು ಬೆರಳುಗಳೆಂದು ಹೇಳುವವರಿದ್ದಾರೆ. ಬಹುಮಟ್ಟಿಗೆ ಅದು ನಿಜವೇ. ಶಾಲೆಗಳನ್ನು ಸರ್ಕಾರ ಮಿಷನ್ನಿಗೇ ಒಪ್ಪಿಸಿತ್ತು. ಆದರೆ ಡಾಕ್ಟರ್ ಪೀಟರ್ ಫ್ರೇಸರ್ ಎಂಬ ವೇಲ್ಸಿನ ವೈದ್ಯನ ಪ್ರಸಂಗ ಈ ಮಾತಿಗೆ ಅಡ್ಡ ಬರುತ್ತದೆ. 1908ರಲ್ಲಿ ಐಜಾಲಿಗೆ ಬಂದ ಈತ, ‘ಬೋಯಿ’ ಎಂಬ ಪದ್ಧತಿಯನ್ನು ಕಂಡ. ಹಸಿವಿನಿಂದಲೋ, ಕೊಲೆಗೆ ಹೆದರಿಯೋ, ಅನಾಥರಾಗಿಯೋ ನಾಯಕನ ಮನೆಯನ್ನು ಹೊಕ್ಕವರು ಅಲ್ಲಿಯೇ ಆಳುಗಳಾಗಿ ಉಳಿಯಬೇಕು. ಹಣ ತೆತ್ತರೆ ಬಿಡುಗಡೆ. ಇದು ಆಶ್ರಯ ಎಂದಿತು ಸರ್ಕಾರ. ನಾಯಕರನ್ನು ಎದುರುಹಾಕಿಕೊಂಡರೆ ಆಡಳಿತ ನಡೆಯದು ಎಂಬುದು ಅದರ ಲೆಕ್ಕ. ಇದು ಗುಲಾಮಗಿರಿ, ಬ್ರಿಟಿಷ್ ಧ್ವಜದ ಕೆಳಗೆ ಇದು ಸಲ್ಲದು ಎಂದ ಫ್ರೇಸರ್. ಹಟ ಬಿಡಲಿಲ್ಲ; ಬಿಲಾಯತಿಯವರೆಗೂ ದೂರು ಒಯ್ದ. ಕೊನೆಗೆ ಜಿಲ್ಲೆಯನ್ನೇ ಬಿಡಬೇಕಾಯಿತು. ಅವನ ಸ್ವಂತ ಮಿಷನ್ನೂ ಅವನ ಬೆನ್ನಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಬೋಯಿ ಪದ್ಧತಿ ಮುಂದೆ ಅಳಿಯಿತು. ಫ್ರೇಸರನ ಹೆಸರು ಮಿಜೋಗಳ ನೆನಪಿನಲ್ಲಿ ಉಳಿಯಿತು.

ಇಗರ್ಜಿ ಹರಡಿದ್ದು ಪಾದ್ರಿಗಳ ಕಾಲ್ನಡಿಗೆಯಿಂದ ಎನ್ನುವುದಕ್ಕಿಂತ ಜನರ ಮೈಮೇಲೆ ಬಂದ ಆವೇಶಗಳಿಂದ ಎನ್ನಬೇಕು. 1904ರಲ್ಲಿ ವೇಲ್ಸಿನಲ್ಲಿ ಎದ್ದ ಭಕ್ತಿಯ ಅಲೆ ಮರುವರ್ಷ ಖಾಸಿ ಬೆಟ್ಟಗಳನ್ನು ಮುಟ್ಟಿತು. ಅದನ್ನು ನೋಡಿಬರಲು ಹೋದ ಕೆಲವು ಮಿಜೋಗಳ ಮೂಲಕ 1906ರಲ್ಲಿ ಐಜಾಲಿಗೂ ಬಂದಿತು. ಜನ ಅತ್ತರು, ಕುಣಿದರು. ಪ್ರತಿಕ್ರಿಯೆಯೂ ತಡವಾಗಲಿಲ್ಲ. 1908ರ ಸುಮಾರಿಗೆ ಪುಮಾ ಝಾಯ್ ಎಂಬ ಹೊಸ ಹಾಡೊಂದು ಕಾಳ್ಗಿಚ್ಚಿನಂತೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ನಾಯಕರು ಅದಕ್ಕಾಗಿ ಔತಣವಿಟ್ಟರು, ಅಕ್ಕಿಯ ಮದ್ಯ ಹರಿಯಿತು, ಅದರಲ್ಲಿ ಕ್ರೈಸ್ತರಿಗೆ ಅಣಕವೂ ಸೇರಿತು. ಹೊಸ ಧರ್ಮಕ್ಕೆ ಹಳೆಯ ಲೋಕ ಕೊಟ್ಟ ಉತ್ತರ ಒಂದು ಹಾಡು ಎಂಬುದು ಗಮನಿಸಬೇಕಾದ ಸಂಗತಿ. ಆ ಉತ್ಸಾಹ ಇಳಿದದ್ದು ಬಿದಿರು ಹೂ ಬಿಟ್ಟಾಗ. ಸುಮಾರು 48 ವರ್ಷಗಳಿಗೊಮ್ಮೆ ಆ ಬೆಟ್ಟಗಳ ಬಿದಿರೆಲ್ಲ ಒಮ್ಮೆಗೇ ಹೂಬಿಟ್ಟು ಕಾಯಿಕಟ್ಟಿ ಸಾಯುತ್ತದೆ. ಅದನ್ನು ತಿಂದು ಬೆಳೆದ ಇಲಿಗಳ ದಂಡು ಬೆಳೆಗೆ ಬೀಳುತ್ತದೆ. 1911-12ರ ಬರ ಅದು. ಹಸಿದವರಿಗೆ ಮಿಷನ್ನಿನವರು ಊಟವಿಕ್ಕಿದರು, ಅನಾಥ ಮಕ್ಕಳನ್ನು ಎತ್ತಿಕೊಂಡರು. ಬರ ಮುಗಿಯುತ್ತಲೇ ಇನ್ನೊಂದು ಭಕ್ತಿಯ ಅಲೆ ಎದ್ದಿತು. ಅನ್ನಕ್ಕಾಗಿ ಧರ್ಮ ಬಿಟ್ಟರು ಎಂದು ಇದನ್ನು ಸುಲಭವಾಗಿ ಹೇಳಿಬಿಡಬಹುದು. ಬಲಿ ತಿಂದ ಭೂತಗಳು ಬರದಲ್ಲಿ ಕೈಬಿಟ್ಟವು ಎಂದು ಆ ಜನರಿಗೇ ಅನ್ನಿಸಿದ್ದರೆ ಅದನ್ನು ಅಲ್ಲಗಳೆಯಲು ನಾನಾರು?

ಕಳೆದುಕೊಂಡದ್ದು ಕಡಿಮೆಯೇನಲ್ಲ. ಹಳ್ಳಿಯ ತರುಣರೆಲ್ಲ ಒಟ್ಟಿಗೆ ಮಲಗಿ ಬದುಕನ್ನು ಕಲಿಯುತ್ತಿದ್ದ ಝೋಲ್‌ಬುಕ್ ಎಂಬ ಪಡಸಾಲೆ, ಶಾಲೆ ಬಂದ ಮೇಲೆ ಬಡವಾಗಿ ಅಳಿದುಹೋಯಿತು. ಕಾಡು ಕಡಿದ ಸಂತೋಷಕ್ಕೆ ಮಾಡುತ್ತಿದ್ದ ಛಾಪ್‌ಛಾರ್ ಕುಟ್ ಹಬ್ಬ, ಮದ್ಯವಿದೆಯೆಂಬ ಕಾರಣಕ್ಕೆ ನಿಂತು, 1970ರ ದಶಕದಲ್ಲಿ ಮತ್ತೆ ದೊಡ್ಡದಾಗಿ ಬೆಳಕು ಕಂಡಿತು; ಈಗಿನ ಹಬ್ಬ ವೇದಿಕೆಯ ಮೇಲಿನ ಹಬ್ಬ. ಉಳಿದುಕೊಂಡ ಒಂದು ಮಾತೆಂದರೆ ‘ತ್ಲೋಮ್‌ಙೈನಾ’. ಪರರಿಗಾಗಿ ತನ್ನನ್ನು ಹಿಂದಿಟ್ಟುಕೊಳ್ಳುವುದು, ಕಷ್ಟವನ್ನು ಬಾಯಿಬಿಡದೆ ಹೊರುವುದು, ಹೊಗಳಿಕೆಗೆ ನಾಚುವುದು ಎಲ್ಲವನ್ನೂ ಒಳಗೊಂಡ ಈ ಶಬ್ದಕ್ಕೆ ಕನ್ನಡದಲ್ಲಿ ನನಗೆ ಸರಿಯಾದ ಒಂದು ಮಾತು ಸಿಗಲಿಲ್ಲ. 1935ರಲ್ಲಿ ಹುಟ್ಟಿದ ಯುವಕ ಸಂಘವು ಇದನ್ನೇ ತನ್ನ ವ್ರತವಾಗಿಸಿಕೊಂಡಿತು. ಊರಿನಲ್ಲಿ ಸಾವಾದರೆ ಕುಣಿ ತೋಡುವುದರಿಂದ ಹಿಡಿದು ಎಲ್ಲಕ್ಕೂ ಇಂದಿಗೂ ಈ ಸಂಘದ ಯುವಕರೇ ಮುಂದು.

1959ರ ಸುಮಾರಿಗೆ ಬಿದಿರು ಮತ್ತೆ ಹೂಬಿಟ್ಟಿತು. ಆ ಬರದ ನೋವಿನಿಂದ ಎದ್ದ ಸಂಘಟನೆಯೇ 1966ರ ಸಶಸ್ತ್ರ ಬಂಡಾಯಕ್ಕೆ ಕಾರಣವಾಯಿತು. ಐಜಾಲಿನ ಮೇಲೆ ವಿಮಾನಗಳು ಹಾರಿ ದಾಳಿ ಮಾಡಿದವು. ಹಳ್ಳಿಗಳನ್ನು ಕಿತ್ತು ಹೆದ್ದಾರಿಯ ಬದಿಗೆ ತಂದು ಕೂಡಿಹಾಕಿದರು. 1968ರಲ್ಲಿ ವೇಲ್ಸಿನ ಮಿಷನರಿಗಳು ಬೆಟ್ಟವನ್ನು ಬಿಡಬೇಕಾಯಿತು. 1986ರ ಒಪ್ಪಂದದವರೆಗಿನ ಆ ಇಪ್ಪತ್ತು ವರ್ಷಗಳಲ್ಲಿ ಬಂಡಾಯಗಾರರಿಗೂ ಸರ್ಕಾರಕ್ಕೂ ನಡುವೆ ಓಡಾಡಿದವರು ಮಿಜೋ ಪಾದ್ರಿಗಳು. ವಿದೇಶೀಯರು ಹೋದರೆ ಇಗರ್ಜಿ ಕುಸಿಯುವುದೆಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. ಕಾರಣ ತೀರ ಸರಳ. ಅಲ್ಲಿನ ಹೆಂಗಸರು ದಿನದ ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾರೆ. ವಾರಕ್ಕೊಮ್ಮೆ ಅದನ್ನು ಕೂಡಿಸಿ, ಮಾರಿ, ಬಂದ ಹಣವನ್ನು ಇಗರ್ಜಿಗೆ ಕೊಡುತ್ತಾರೆ. ಬಡತನದ ದಿನಗಳಲ್ಲಿ ಆರಂಭವಾದ ಈ ಹಿಡಿಯಕ್ಕಿಯ ಪದ್ಧತಿಯಿಂದ ಇಂದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಅದರ ಬಲದಿಂದ ಮಿಜೋ ಮಿಷನರಿಗಳು ದೇಶದ ಬೇರೆ ಭಾಗಗಳಿಗೆ ಹೋಗುತ್ತಾರೆ. ಪ್ರಾರ್ಥನಾ ಮಂದಿರಗಳು ಬರಿದಾಗುತ್ತಿರುವ ವೇಲ್ಸಿಗೂ ಹೋಗಿದ್ದಾರೆ. 2011ರ ಜನಗಣತಿಯ ಪ್ರಕಾರ ಮಿಜೋರಂನಲ್ಲಿ ಶೇಕಡಾ 87ರಷ್ಟು ಜನ ಕ್ರೈಸ್ತರು, ಶೇಕಡಾ 91 ಮಂದಿ ಅಕ್ಷರಸ್ಥರು.

ಡೋಲಿನ ವಿಷಯವನ್ನು ಬೇಕೆಂದೇ ಕೊನೆಗಿಟ್ಟುಕೊಂಡೆ. ಖುವಾಂಗ್ ಎಂಬ ಮರದ ಡೋಲು ಮಿಜೋಗಳ ಕುಡಿತಕ್ಕೂ ಕುಣಿತಕ್ಕೂ ಜೊತೆಗಾರ. ಅದೇ ಕಾರಣಕ್ಕೆ ಮಿಷನರಿಗಳು ಅದನ್ನು ಇಗರ್ಜಿಯಿಂದ ಹೊರಗಿಟ್ಟರು. ಅದರ ಸ್ಥಳದಲ್ಲಿ ವೇಲ್ಸಿನ ರಾಗಗಳು ಬಂದವು. ಸರಿಗಮದಂತಹ ಸೋಲ್‌ಫಾ ಪದ್ಧತಿಯಲ್ಲಿ ಅವನ್ನು ಕಲಿಸಿದರು. ಮಿಜೋಗಳು ಅದ್ಭುತವಾಗಿ ಕಲಿತರು. ಆದರೆ ನಾನು ಆಗಲೇ ಹೇಳಿದ ದನಿಯ ಏರಿಳಿತವಿದೆಯಷ್ಟೆ? ರಾಗ ಮೇಲೇರುವಲ್ಲಿ ಮಾತು ಕೆಳಗಿಳಿಯಬೇಕು. ಮಾತು ಏರಬೇಕಾದಲ್ಲಿ ರಾಗ ಇಳಿಯುತ್ತದೆ. ಹಾಡು ನಾಲಗೆಯ ಮೇಲಿತ್ತು, ಎದೆಗೆ ಇಳಿದಿರಲಿಲ್ಲ. 1919ರ ಸುಮಾರಿಗೆ ಎದ್ದ ಮೂರನೆಯ ಭಕ್ತಿಯ ಅಲೆಯಲ್ಲಿ ಜನ ಯಾರನ್ನೂ ಕೇಳದೆ ಡೋಲನ್ನು ಒಳಗೆ ತಂದರು. ಪಾಟೇಆ, ಕಾಮ್‌ಲಾಲಾ ಮೊದಲಾದ ಕವಿಗಳು ಹಳೆಯ ಮಿಜೋ ಕಾವ್ಯದ ಮಾತುಗಳಲ್ಲಿ, ಹಳೆಯ ಹಾಡಿನ ಎಳೆತದಲ್ಲಿ ಹೊಸ ಕೀರ್ತನೆಗಳನ್ನು ಕಟ್ಟಿದರು. ಕೆಲವು ಪಾದ್ರಿಗಳು ಹುಬ್ಬು ಗಂಟಿಕ್ಕಿದರು. ಡೋಲು ಹೊರಗೆ ಹೋಗಲಿಲ್ಲ.

ಲೆಂಗ್‌ಖೋಮ್ ಎಂಬ ಈ ಬಗೆಯ ಹಾಡುಗಾರಿಕೆಯ ಧ್ವನಿಮುದ್ರಣಗಳನ್ನು ನಾನು ಕೇಳಿದ್ದೇನೆ. ಪಾಶ್ಚಾತ್ಯ ಇಗರ್ಜಿಯ ಸಂಗೀತವನ್ನು ನಿರೀಕ್ಷಿಸಿದವರಿಗೆ ಅದು ಬೇರೆಯೇ. ಬಹು ವಿಲಂಬಿತವಾದ ಗತಿ. ಒಬ್ಬ ಎತ್ತಿಕೊಟ್ಟುದನ್ನು ಉಳಿದವರು ಹಿಡಿದು ಎಳೆಯುತ್ತಾರೆ. ಹಾಡಿನುದ್ದಕ್ಕೂ ಒಂದು ಅಗಲಿಕೆಯ ಹಂಬಲ. ಸಾವಾದ ಮನೆಯಲ್ಲಿ ನೆರೆಹೊರೆಯವರು ರಾತ್ರಿಗಳನ್ನು ಕಳೆಯುವುದು ಈ ಹಾಡುಗಳಿಂದಲೇ. ಡೋಲನ್ನು ನಡುವೆ ಇಟ್ಟುಕೊಂಡು ಸುತ್ತಲೂ ಕುಳಿತುಕೊಳ್ಳುತ್ತಾರೆ. ಹಾಡಿನ ಗತಿಯನ್ನು ಗೊತ್ತುಮಾಡುವವನು ಡೋಲು ಬಾರಿಸುವಾತ. ಅವನು ನಿಲ್ಲಿಸುವ ತನಕ, ಪಾದ್ರಿಯೂ ಸೇರಿದಂತೆ, ಯಾರೂ ನಿಲ್ಲಿಸುವುದಿಲ್ಲ.